ಒಳಗೆ ತೋಟಾ ಇದೆಯಾ?

2023ರ ಯುಗಾದಿಯ ಪಾಟ್‌ಲಕ್, ಎಲ್ಲರೂ ಒಂದೊಂದು ಅಡುಗೆ ತರುವ ಊಟ. ಅಮೆರಿಕದ ಟೆಕ್ಸಾಸ್‌ನಲ್ಲಿ, ಡಲ್ಲಾಸ್‌ನ ಉತ್ತರಕ್ಕೆ ಫ್ರಿಸ್ಕೋದಲ್ಲಿ ಗೆಳತಿಯ ಮನೆ. ನಾನು ಒಬ್ಬಟ್ಟಿನ ಡಬ್ಬಿ ಹಿಡಿದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದೆ, ಅವಳು ಒಳಗಿಂದ ಓಡಿ ಬಂದು ತಬ್ಬಿಕೊಂಡಳು. ಅವಳ ಕೈ ನನ್ನ ಬಲ ಸೊಂಟದ ಹಿಂದೆ ಎಂಥದೋ ಗಟ್ಟಿ ವಸ್ತುವಿಗೆ ತಾಗಿತು. "ಏನೇ ಇದು, ಬೆಲ್ಟ್ ಹಾಕಿದೀಯಾ? ಬೆನ್ನು ನೋವಾ?" ಅಂದಳು. ಹೂಂ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಸುಳ್ಳು ಹೇಳಬಾರದು ಅನ್ನೋ ದೊಡ್ಡಸ್ತಿಕೆಯೇನಲ್ಲ, ಆ ಗಳಿಗೆಯಲ್ಲಿ ಸುಳ್ಳು ಹೊಳೆಯಲಿಲ್ಲ ಅಷ್ಟೆ. "ಪಿಸ್ತೂಲು" ಅಂದೆ.

ಅವಳು ನಕ್ಕಳು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದಳು. ಮಾವಿನಕಾಯಿ ಚಿತ್ರಾನ್ನದ ಪಾತ್ರೆ ಹಿಡಿದು ಹಿಂದೆ ನಿಂತಿದ್ದ ನನ್ನ ಗಂಡ ಚಾವಣಿ ನೋಡತೊಡಗಿದರು. ಗೆಳತಿ ನನ್ನನ್ನು ವಾಷಿಂಗ್ ಮಷೀನ್ ಇರೋ ಕೋಣೆಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿ, "ಮಕ್ಕಳೆಲ್ಲ ಇದ್ದಾರೆ ಕಣೇ, ತಲೆ ಸರಿ ಇದೆಯಾ ನಿಂಗೆ?" ಅಂತ ಪಿಸುಗುಟ್ಟಿದಳು. ನಾನು ಪಾಠ ಶುರು ಮಾಡಿದೆ. ಲೈಸೆನ್ಸ್ ಇದೆ, ಕ್ಲಾಸ್ ಆಗಿದೆ, ಪರೀಕ್ಷೆ ಪಾಸಾಗಿದೀನಿ, ಟೆಕ್ಸಾಸ್ ಕಾನೂನಿನ ಪ್ರಕಾರ... ಅವಳು ಕೈ ಅಡ್ಡ ಹಿಡಿದಳು. "ಕಾನೂನು ಕೇಳಿದ್ನಾ ನಾನು?"

ಹೊರಗೆ ಹೋಗಿ, ಕಾರಿನ ಸೀಟಿನ ಕೆಳಗಿರುವ ಉಕ್ಕಿನ ಪೆಟ್ಟಿಗೆಯಲ್ಲಿ ಅದನ್ನಿಟ್ಟು ಬೀಗ ಹಾಕಿ ಬಂದೆ. ಅಷ್ಟು ಹೊತ್ತಿಗೆ ಸುದ್ದಿ ಅಡುಗೆಮನೆ ದಾಟಿ ಹಾಲಿಗೆ ಬಂದಿತ್ತು. ಒಬ್ಬಟ್ಟು ಎಲ್ಲರೂ ತಿಂದರು, ಚೆನ್ನಾಗಿದೆ ಅಂತಲೂ ಹೇಳಿದರು. ಆದರೆ ಆ ಸಂಜೆ ನನ್ನ ಪಕ್ಕದಲ್ಲಿ ಯಾರೂ ಜಾಸ್ತಿ ಹೊತ್ತು ಕೂರಲಿಲ್ಲ.

ಅವತ್ತಿನಿಂದ ಇವತ್ತಿನವರೆಗೆ ಈ ಒಂದು ವಸ್ತುವಿನ ಬಗ್ಗೆ ನಾನು ಕೇಳಿಸಿಕೊಂಡ ಮಾತು ಒಂದಲ್ಲ ಎರಡಲ್ಲ. ಮೊದಮೊದಲು ಎಲ್ಲರ ಜೊತೆ ವಾದಕ್ಕೆ ಇಳಿಯುತ್ತಿದ್ದೆ. ಈಗ ಇಳಿಯುವುದಿಲ್ಲ. ಪಿಸ್ತೂಲು ಮಾತ್ರ ಇನ್ನೂ ಇದೆ.

ಇದು ನನ್ನ ಕೈಗೆ ಬಂದದ್ದು ಹೇಗೆ ಅಂತ ಹೇಳಿಬಿಡುತ್ತೇನೆ. ನಾನು ಅಮೆರಿಕಕ್ಕೆ ಬಂದದ್ದು 2009ರಲ್ಲಿ. ಎಚ್-1ಬಿ ಅನ್ನೋ ಕೆಲಸದ ವೀಸಾದಲ್ಲಿ ಇರುವವರು ಇಲ್ಲಿ ಸಾಮಾನ್ಯವಾಗಿ ಬಂದೂಕು ಇಟ್ಟುಕೊಳ್ಳುವಂತಿಲ್ಲ, ಅದು ಕೇಂದ್ರ ಕಾನೂನಿನ ಪ್ರಕಾರ ಅಪರಾಧ. ಬೇಟೆಯ ಲೈಸೆನ್ಸ್ ಇದ್ದವರಿಗೆ ಒಂದು ವಿನಾಯಿತಿ ಇದೆ, ಅದು ಬೇರೆ ಕಥೆ. ನಮ್ಮವರಲ್ಲಿ ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ. ಗೊತ್ತಿಲ್ಲದೆ ಗೆಳೆಯನ ಬಂದೂಕನ್ನು ಕೈಯಲ್ಲಿ ಹಿಡಿದು ಫೋಟೋ ಹಾಕಿಕೊಳ್ಳುವವರನ್ನು ನೋಡಿದ್ದೇನೆ. ನನಗೆ ಗ್ರೀನ್ ಕಾರ್ಡ್, ಅಂದರೆ ಇಲ್ಲೇ ಕಾಯಂ ನೆಲೆಸುವ ಅನುಮತಿ, ಬಂದದ್ದು 2021ರಲ್ಲಿ. ಆಮೇಲೆ ಆ ಅಡ್ಡಿ ಇಲ್ಲ. ಆ ವರ್ಷ ಚಳಿಗಾಲ ಶುರುವಾಗುವ ಹೊತ್ತಿಗೆ ಒಂದು ರಾತ್ರಿ ಇಂಡಿಯನ್ ಸ್ಟೋರ್‌ನಿಂದ ಹೊರಟಾಗ ಒಂದು ಕಾರು ಹಿಂದೆ ಬಿತ್ತು. ನಾನು ತಿರುಗಿದ ಕಡೆ ತಿರುಗಿತು. ನಾಲ್ಕು ಸಲ ತಿರುಗಿದ ಮೇಲೂ ಹಿಂದೆಯೇ ಇತ್ತು. ನಮ್ಮ ಹೆಂಗಸರ ಕತ್ತಿನ ಬಂಗಾರದ ಮೇಲೆ ಕಣ್ಣಿಟ್ಟು ಬರುವವರ ಸುದ್ದಿ ಆಗಲೇ ಎಲ್ಲ ಗುಂಪುಗಳಲ್ಲಿ ಓಡಾಡುತ್ತಿತ್ತು. ಮನೆಗೆ ಹೋಗದೆ ಸೀದಾ ಪೊಲೀಸ್ ಠಾಣೆಯ ಮುಂದೆ ಗಾಡಿ ನಿಲ್ಲಿಸಿದೆ. ಆ ಕಾರು ನಿಧಾನ ಮಾಡಿ, ಮುಂದೆ ಹೋಯಿತು. ಅಷ್ಟೇ. ಏನೂ ಆಗಲಿಲ್ಲ.

ಆದರೆ ಕೈ ನಡುಗುವುದು ನಿಲ್ಲೋಕೆ ಅರ್ಧ ಗಂಟೆ ಬೇಕಾಯಿತು. ಮುಂದಿನ ವರ್ಷ ಪಿಸ್ತೂಲು ಕೊಂಡೆ.

ಇವರು ಅಂದರೆ ನನ್ನ ಗಂಡ, ಮೈಸೂರಿನವರು. ಇವರ ಪಾಲಿಗೆ ಸಿಡಿಮದ್ದು ಅಂದರೆ ದಸರಾದ ಕುಶಾಲತೋಪು, ಇಪ್ಪತ್ತೊಂದು ಸಲ ಕಿವಿ ಮುಚ್ಚಿಕೊಂಡರೆ ಮುಗಿಯಿತು. ನಾನು ಪಿಸ್ತೂಲಿನ ಮಾತೆತ್ತಿದಾಗ ಇವರು ಕೂಗಾಡಲಿಲ್ಲ. "ಅವತ್ತು ನಿನ್ನನ್ನ ಕಾಪಾಡಿದ್ದು ಯಾವುದು? ಪೊಲೀಸ್ ಠಾಣೆಗೆ ಹೋಗಬೇಕು ಅಂತ ಹೊಳೀತಲ್ಲ, ಅದು. ಪಿಸ್ತೂಲಿದ್ದಿದ್ದರೆ ಏನು ಮಾಡ್ತಿದ್ದೆ, ಕಾರಿನಿಂದ ಇಳೀತಿದ್ಯಾ?" ಅಂತ ಕೇಳಿದರು. ಇದಕ್ಕೆ ನನ್ನ ಹತ್ತಿರ ಇವತ್ತಿಗೂ ಸರಿಯಾದ ಉತ್ತರ ಇಲ್ಲ. ಇಳಿಯುತ್ತಿರಲಿಲ್ಲ ಅಂತ ಅಂದುಕೊಂಡಿದ್ದೇನೆ.

ಟೆಕ್ಸಾಸ್‌ನ ಕಾನೂನು ನಮ್ಮೂರಿನವರಿಗೆ ವಿಚಿತ್ರ ಅನ್ನಿಸುತ್ತೆ. 1991ರ ಅಕ್ಟೋಬರ್‌ನಲ್ಲಿ ಇಲ್ಲಿನ ಕಿಲೀನ್ ಅನ್ನೋ ಊರಿನಲ್ಲಿ ಒಬ್ಬ ಲೂಬಿಸ್ ಅನ್ನೋ ಹೋಟೆಲಿಗೆ ಟ್ರಕ್ ನುಗ್ಗಿಸಿ 23 ಜನರನ್ನು ಗುಂಡಿಟ್ಟು ಕೊಂದ. ಅಪ್ಪ ಅಮ್ಮನ ಜೊತೆ ಊಟಕ್ಕೆ ಬಂದಿದ್ದ ಸುಝಾನಾ ಹಪ್ ಅನ್ನೋ ಹೆಂಗಸಿನ ರಿವಾಲ್ವರ್ ಹೊರಗೆ ಕಾರಿನಲ್ಲಿತ್ತು. ಮೈಮೇಲೆ ಇಟ್ಟುಕೊಳ್ಳೋದು ಆಗ ಕಾನೂನಿಗೆ ವಿರುದ್ಧ. ಅಪ್ಪ ಅಮ್ಮ ಇಬ್ಬರೂ ಆ ದಾಳಿಯಲ್ಲಿ ಸತ್ತರು. ಅವರು ಊರೂರು ತಿರುಗಿ ಮಾತಾಡಿದರು, 1995ರಲ್ಲಿ ಆಗಿನ ಗವರ್ನರ್ ಜಾರ್ಜ್ ಬುಷ್ ಸಹಿ ಹಾಕಿ, ಬಚ್ಚಿಟ್ಟುಕೊಂಡು ಒಯ್ಯಲು ಲೈಸೆನ್ಸ್ ಕೊಡುವ ಕಾನೂನು ಬಂತು. 2016ರಿಂದ ಲೈಸೆನ್ಸ್ ಇದ್ದವರು ಎಲ್ಲರಿಗೂ ಕಾಣುವಂತೆಯೂ ಒಯ್ಯಬಹುದು. 2021ರ ಸೆಪ್ಟೆಂಬರ್ 1ರಿಂದ 21 ವರ್ಷ ದಾಟಿದ, ಬೇರೆ ತೊಡಕು ಇಲ್ಲದವರಿಗೆ ಲೈಸೆನ್ಸೇ ಬೇಡ.

ಬೇಡದಿದ್ದರೂ ನಾನು ಕ್ಲಾಸಿಗೆ ಹೋದೆ. ಲೈಸೆನ್ಸಿಗೆ 40 ಡಾಲರ್ ಶುಲ್ಕ, ಬೆರಳಚ್ಚು, ಅರ್ಧ ದಿನದ ಪಾಠ, ಆಮೇಲೆ 50 ಗುಂಡು. ಮೂರು ಗಜದಿಂದ 20, ಏಳು ಗಜದಿಂದ 20, ಹದಿನೈದು ಗಜದಿಂದ 10. 250ಕ್ಕೆ 175 ಬಂದರೆ ಪಾಸು. ನನಗೆ 231 ಬಂತು, ಇದನ್ನು ಇಲ್ಲಿ ಹೇಳಲೇಬೇಕಾದ ಅಗತ್ಯ ಇರಲಿಲ್ಲ, ಆದರೂ ಹೇಳಿದೆ.

ನನ್ನದು ಸಿಗ್ ಸಾವರ್ ಪಿ365, ಅಂಗೈಗಿಂತ ಸ್ವಲ್ಪ ದೊಡ್ಡದು. ಗುಂಡು ತುಂಬಿದರೆ ಅರ್ಧ ಕಿಲೋ ಮೀರುತ್ತದೆ. ಸಡಿಲ ಕುರ್ತಾದ ಕೆಳಗೆ ಕಾಣುವುದಿಲ್ಲ. ಸೀರೆ ಉಟ್ಟ ದಿನ ಅದು ಮನೆಯಲ್ಲೇ ಇರುತ್ತದೆ. ವ್ಯಾನಿಟಿ ಬ್ಯಾಗಿನಲ್ಲಿ ಯಾಕೆ ಇಡಬಾರದು ಅಂತ ಕೆಲವರು ಕೇಳುತ್ತಾರೆ. 2014ರ ಡಿಸೆಂಬರ್‌ನಲ್ಲಿ ಐಡಾಹೋದ ವಾಲ್‌ಮಾರ್ಟ್ ಒಂದರಲ್ಲಿ ಎರಡು ವರ್ಷದ ಮಗು ತಾಯಿಯ ಬ್ಯಾಗಿಗೆ ಕೈ ಹಾಕಿತು, ಗುಂಡು ಹಾರಿ ತಾಯಿ ಅಲ್ಲೇ ಸತ್ತರು. ಅವರಿಗೂ ಲೈಸೆನ್ಸ್ ಇತ್ತು. ಆ ಸುದ್ದಿ ಓದಿದ ಮೇಲೆ ಬ್ಯಾಗಿನ ಮಾತೇ ಬೇಡ ಅನ್ನಿಸಿತು.

ಇನ್ನು ಜನರ ಮಾತಿಗೆ ಬರುತ್ತೇನೆ.

ಯುಗಾದಿ ಊಟದ ಸುದ್ದಿ ಫ್ರಿಸ್ಕೋದಿಂದ ಶಿವಮೊಗ್ಗಕ್ಕೆ, ಶಿವಮೊಗ್ಗದಿಂದ ತೀರ್ಥಹಳ್ಳಿ ಹತ್ತಿರದ ನಮ್ಮನೆಗೆ ತಲುಪಲು ಎರಡು ದಿನ ಹಿಡಿಯಿತು. ಅಮ್ಮ ಫೋನ್ ಮಾಡಿದಾಗ ಇಲ್ಲಿ ಬೆಳಗಿನ ಜಾವ. ಯಾರೋ ಹೋಗಿಬಿಟ್ಟರು ಅಂತಲೇ ಎದ್ದು ಕೂತೆ.

"ಎಂತದೇ ಅದು, ಪಿಸ್ತೂಲಂತೆ?"

ಅಮ್ಮನಿಗೆ ಹೇಳೋಕೆ ನನ್ನ ಹತ್ತಿರ ಒಂದು ಗಟ್ಟಿ ಮಾತು ರೆಡಿ ಇತ್ತು. ಬೇರೆಯವರ ಹತ್ತಿರ ಎಲ್ಲ ಅದನ್ನೇ ಹೇಳುತ್ತಿದ್ದೆ. ನಾನು ಕೋವಿ ಇದ್ದ ಮನೆಯಲ್ಲಿ ಬೆಳೆದವಳು, ನನಗೆ ಇದು ಹೊಸದಲ್ಲ ಅಂತ. ಸುಳ್ಳೂ ಅಲ್ಲ. ನಮ್ಮನೆಯಲ್ಲಿ ಜೋಡು ನಳಿಗೆಯ ಕೋವಿ ಇತ್ತು, ಅಜ್ಜಯ್ಯನ ಹೆಸರಿನಿಂದ ಅಪ್ಪನ ಹೆಸರಿಗೆ ಬಂದದ್ದು. ಮಲೆನಾಡಿನಲ್ಲಿ ಅದೇನು ವಿಶೇಷವಲ್ಲ, ತೋಟಕ್ಕೆ ಮಂಗ, ಕಾಡುಹಂದಿ ನುಗ್ಗಿದರೆ ಗಾಳಿಗೆ ಒಂದು ಈಡು ಹೊಡೆಯೋಕೆ ಬೇಕು, ಬೆಳೆ ರಕ್ಷಣೆಗೆ ಅಂತಲೇ ಲೈಸೆನ್ಸ್ ಕೊಡುತ್ತಾರೆ. ಆಯುಧಪೂಜೆಯ ದಿನ ಕತ್ತಿ, ಗುದ್ದಲಿ, ಪಂಪ್‌ಸೆಟ್ಟಿನ ಜೊತೆ ಅದಕ್ಕೂ ಕುಂಕುಮ, ಒಂದು ಸೇವಂತಿಗೆ. ಚುನಾವಣೆ ಬಂತು ಅಂದರೆ ಅಪ್ಪ ಗೊಣಗುತ್ತಾ ಅದನ್ನು ಠಾಣೆಗೆ ಒಪ್ಪಿಸಿ ರಸೀದಿ ತರುತ್ತಿದ್ದರು. ಕೋವಿ ಠಾಣೆಯಲ್ಲಿದೆ ಅನ್ನೋದು ಮಂಗಗಳಿಗೆ ಅದು ಹೇಗೋ ಗೊತ್ತಾಗುತ್ತೆ ಅಂತ ಅವರ ನಂಬಿಕೆ.

"ಅಮ್ಮಾ, ನಮ್ಮನೇಲೂ ಕೋವಿ ಇರಲಿಲ್ವಾ?" ಅಂದೆ.

"ಇತ್ತು. ಅದಿರಲಿ. ಇದರೊಳಗೆ ತೋಟಾ ಇದೆಯಾ?"

"ಇರುತ್ತಮ್ಮ. ಖಾಲಿ ಇಟ್ಟುಕೊಂಡು ಏನು ಪ್ರಯೋಜನ?"

ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದ್ದು ಇಷ್ಟು. "ನಿಮ್ಮಪ್ಪ ತೋಟದಿಂದ ಬಂದವರು ಅಂಗಳದಲ್ಲೇ ಕೋವಿ ಮುರಿದು ತೋಟಾ ತೆಗೀದೆ ಒಂದು ದಿನವೂ ಮೆಟ್ಟಿಲು ಹತ್ತಿದವರಲ್ಲ. ಕೋವಿ ಗೋಡೆ ಮೇಲೆ, ತೋಟಾ ಕಬ್ಬಿಣದ ಪೆಟ್ಟಿಗೇಲಿ, ಪೆಟ್ಟಿಗೆ ಬೀಗದಕೈ ನನ್ನ ಸೊಂಟದಲ್ಲಿ. ನಿನ್ನ ಸೊಂಟದಲ್ಲಿ ಎಂತ ಇದೆ ನೋಡ್ಕೋ."

ಫೋನಿಟ್ಟ ಮೇಲೆ ನಿದ್ದೆ ಬರಲಿಲ್ಲ. ಇಡೀ ಅಮೆರಿಕದಲ್ಲಿ ಯಾರೂ ಕೇಳದ ಪ್ರಶ್ನೆಯನ್ನು ಅಮ್ಮ ಕೇಳಿದ್ದರು. ಇಲ್ಲಿ ನನ್ನನ್ನು ಬೈದವರೆಲ್ಲ ಬಂದೂಕು ಅಂದರೆ ಹೆದರುವವರು, ಬಂದೂಕನ್ನು ಮುಟ್ಟದವರು. ಗೊತ್ತಿಲ್ಲದವರು ಬಿಡು ಅಂತ ಒಳಗೊಳಗೇ ಅವರನ್ನು ತಳ್ಳಿಹಾಕುವುದು ನನಗೆ ಸುಲಭವಾಗಿತ್ತು. ಅಮ್ಮನಿಗೆ ಗೊತ್ತಿತ್ತು. ಕೋವಿಗೆ ಎಣ್ಣೆ ಹಾಕಿ ಒರೆಸಿದ ಕೈ ಅದು. ಗೋಡೆ ಮೇಲಿನ ಖಾಲಿ ಕೋವಿಗೂ ಮೈಗೆ ಅಂಟಿಕೊಂಡ, ನಳಿಗೆಯಲ್ಲಿ ಒಂದು ಗುಂಡು ಸಿದ್ಧವಾಗಿ ಕೂತ ಪಿಸ್ತೂಲಿಗೂ ನಂಟು ಹಚ್ಚಿ ನಾನು ವಾದ ಗೆಲ್ಲುತ್ತಿದ್ದೆನಲ್ಲ, ಅದು ನಿಜಕ್ಕೂ ನಂಟೇ ಅಲ್ಲ. ಮಂಗ ಓಡಿಸುವ ಕೋವಿಯ ಹೆಸರು ಹೇಳಿ ಮನುಷ್ಯರಿಗಾಗಿ ಇಟ್ಟುಕೊಂಡದ್ದನ್ನು ಸಮರ್ಥಿಸುತ್ತಿದ್ದೆ. ನನ್ನ ಸೊಂಟದಲ್ಲಿರೋದು 9 ಎಂಎಂ. ಭಾರತದಲ್ಲಿ ಅದು ನಿಷೇಧಿತ ಬೋರ್, ಅಂದರೆ ಸಾಮಾನ್ಯರಿಗೆ ಲೈಸೆನ್ಸ್ ಕೊಡದ ನಳಿಗೆಯ ಅಳತೆ, ಅಪ್ಪ ಅರ್ಜಿ ಹಾಕಿದ್ದರೂ ಡಿಸಿ ಕಚೇರಿ ನಗುತ್ತಿತ್ತು.

ಆ ಮೇಲೆ ಆ ಕೋವಿಯ ಮಾತನ್ನು ಯಾರ ಹತ್ತಿರವೂ ಆಡಿಲ್ಲ.

ಅದೇ ವರ್ಷ ಮೇ 6ಕ್ಕೆ ಅಲೆನ್‌ನ ಔಟ್‌ಲೆಟ್ ಮಾಲ್‌ನಲ್ಲಿ ಗುಂಡಿನ ದಾಳಿ ಆಯಿತು. ಎಂಟು ಜನ ಸತ್ತರು, ಮಕ್ಕಳೂ ಇದ್ದರು, ಹೈದರಾಬಾದ್ ಕಡೆಯ ಒಬ್ಬ ಎಂಜಿನಿಯರ್ ಹುಡುಗಿಯೂ ಇದ್ದಳು. ನಮ್ಮ ಮನೆಯಿಂದ ಅಲ್ಲಿಗೆ ಜಾಸ್ತಿ ದೂರ ಇಲ್ಲ, ಸ್ಕೂಲಿನ ಶೂ ತರೋಕೆ ನಾವು ಹೋಗುವುದೇ ಅಲ್ಲಿಗೆ. ಬೇರೆ ಯಾವುದೋ ಕರೆಗೆ ಅಲ್ಲೇ ಬಂದಿದ್ದ ಒಬ್ಬ ಪೊಲೀಸ್ ಓಡಿ ಹೋಗಿ ಹಂತಕನನ್ನು ಹೊಡೆದುರುಳಿಸಿದ. ಮರುದಿನ ಎರಡು ಮೆಸೇಜ್ ಬಂದವು. ಒಬ್ಬರು, "ಈಗಲಾದರೂ ಅರ್ಥವಾಯ್ತಾ, ಬಂದೂಕು ಈ ದೇಶಕ್ಕೆ ಏನು ಮಾಡಿದೆ ಅಂತ?" ಇನ್ನೊಬ್ಬರು, "ನೀನು ಇಟ್ಟುಕೊಂಡಿದ್ದು ಸರಿ ಅಂತ ಈಗ ಅನ್ನಿಸ್ತಿದೆ." ಎರಡಕ್ಕೂ ಉತ್ತರ ಬರೆದು ಅಳಿಸಿದೆ. ಸತ್ತವರ ಮೇಲೆ ನಿಂತು ವಾದ ಗೆಲ್ಲೋಕೆ ಮನಸ್ಸು ಬರಲಿಲ್ಲ. ನಾನು ಅಲ್ಲಿದ್ದಿದ್ದರೆ ಏನು ಮಾಡುತ್ತಿದ್ದೆ? ಹದಿನೈದು ಗಜದಲ್ಲಿ ಕಾಗದಕ್ಕೆ ಹೊಡೆದ 231 ಅಂಕ ಅಲ್ಲಿ ಯಾವ ಲೆಕ್ಕಕ್ಕೆ? ಮಗಳನ್ನು ಎತ್ತಿಕೊಂಡು ಓಡುತ್ತಿದ್ದೆ. ಮಾಡಬೇಕಾದ್ದೂ ಅದೇ.

ಮಗಳ ಮಾತು ಬಂತು. ಅವಳ ಕ್ಲಾಸಿನ ಒಬ್ಬ ಹುಡುಗಿಯ ಅಮ್ಮ, ಇಲ್ಲಿಯವರೇ, ಬಿಳಿಯ ಹೆಂಗಸು, ತನ್ನ ಮಗಳನ್ನು ನಮ್ಮ ಮನೆಗೆ ಆಟಕ್ಕೆ ಕಳಿಸುವ ಮೊದಲು ಫೋನ್ ಮಾಡಿದರು. ನಾಯಿ ಇದೆಯಾ, ಈಜುಕೊಳ ಇದೆಯಾ, ಕಡಲೆಕಾಯಿ ಅಲರ್ಜಿ ಇದೆ ಅಂತೆಲ್ಲ ಹೇಳುತ್ತಾ ಅದೇ ದನಿಯಲ್ಲಿ, "ಮನೆಯಲ್ಲಿ ಬಂದೂಕು ಇದೆಯಾ? ಇದ್ದರೆ ಹೇಗೆ ಇಡ್ತೀರಿ?" ಅಂದರು. ನನಗೆ ಮೈ ಉರಿಯಿತು. ನನ್ನ ಮನೆ ವಿಷಯ ಕೇಳೋಕೆ ಇವಳಾರು ಅಂತ. ಯುಗಾದಿಯ ಗಾಯ ಹಸಿಯಾಗಿತ್ತು ನೋಡಿ. ಆದರೂ ಹೇಳಿದೆ. ಬೆರಳಚ್ಚಿಗೆ ತೆಗೆಯುವ ಪೆಟ್ಟಿಗೆ, ಗೋಡೆಗೆ ಬೋಲ್ಟ್ ಹಾಕಿದ್ದು, ನನ್ನದು ಮತ್ತು ಗಂಡನದು ಎರಡೇ ಬೆರಳು. ಮೈಮೇಲೆ ಇಲ್ಲದಾಗ ಅದು ಪೆಟ್ಟಿಗೆಯಲ್ಲಿ, ನಡುವೆ ಎಲ್ಲೂ ಇಡುವುದಿಲ್ಲ, ಟೇಬಲ್ ಮೇಲೆ ಒಂದು ನಿಮಿಷಕ್ಕೂ ಇಲ್ಲ. "ಥ್ಯಾಂಕ್ಸ್, ನಾಲ್ಕು ಗಂಟೆಗೆ ಬಿಡ್ತೀನಿ" ಅಂದರು. ಬಿಟ್ಟರು. ಮಕ್ಕಳು ಆಡಿದರು.

ಆ ಹೆಂಗಸು ನನ್ನನ್ನು ಒಪ್ಪಿದರೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ. ಗೊತ್ತಾಗಬೇಕಾದ ಅಗತ್ಯವೂ ಬೀಳಲಿಲ್ಲ. ಅವರಿಗೆ ಬೇಕಾಗಿದ್ದು ತಮ್ಮ ಮಗಳು ಸಂಜೆ ಕ್ಷೇಮವಾಗಿ ಮನೆಗೆ ಬರುತ್ತಾಳಾ ಅನ್ನೋ ಒಂದೇ ಉತ್ತರ. ಟೆಕ್ಸಾಸ್‌ನಲ್ಲಿ 17ರ ಒಳಗಿನ ಮಕ್ಕಳ ಕೈಗೆ ಸಿಗುವಂತೆ ತುಂಬಿದ ಬಂದೂಕು ಬಿಡುವುದು ಅಪರಾಧ, ಆದರೆ ಕಾನೂನಿದೆ ಅಂತ ಯಾವ ತಾಯಿ ಸುಮ್ಮನಿರುತ್ತಾಳೆ? ಈಗ ಮಗಳು ಯಾರ ಮನೆಗಾದರೂ ಹೋಗುವ ಮೊದಲು ನಾನೂ ಕೇಳುತ್ತೇನೆ. ನಮ್ಮವರ ಮನೆಗಳಲ್ಲಿ ಕೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೆ. "ನಿಮ್ಮ ಹತ್ರ ಇದೆ ಅಂತ ಎಲ್ಲರ ಹತ್ರ ಇರುತ್ತಾ?" ಅಂದವರೂ ಇದ್ದಾರೆ. ಆಮೇಲೆ ಮೆಲ್ಲಗೆ, "ಇದೆ, ಬಟ್ಟೆ ಬೀರುವಿನ ಮೇಲೆ ಇಟ್ಟಿದೀವಿ, ಮಕ್ಕಳಿಗೆ ಎಟುಕಲ್ಲ" ಅಂದವರೂ ಇದ್ದಾರೆ.

ಬಿಟ್ಟಿ ಶಹಭಾಸ್‌ಗಿರಿಯ ಬಗ್ಗೆಯೂ ಹೇಳಬೇಕು. ಬೈಗುಳಕ್ಕಿಂತ ಅದನ್ನು ತಡೆದುಕೊಳ್ಳೋದು ಕಷ್ಟ. ಗುಂಡು ಹೊಡೆದು ಅಭ್ಯಾಸ ಮಾಡುವ ರೇಂಜಿನಲ್ಲಿ ಒಬ್ಬ ವಯಸ್ಸಾದವರು ನನ್ನ ಗುರಿ ನೋಡಿ ಖುಷಿಯಾಗಿ, ನಿಮ್ಮಂಥವರು ಹೀಗೆ ಮುಂದೆ ಬರಬೇಕು ಅಂದರು. ನಿಮ್ಮಂಥವರು ಅಂದರೆ ಯಾರು ಅಂತ ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಅವರ ಟೋಪಿ ಮೇಲಿದ್ದ ಬರಹಕ್ಕೂ ನನಗೂ ಯಾವ ಸಂಬಂಧವೂ ಇಲ್ಲ. ಪಿಸ್ತೂಲು ಇದ್ದ ಮಾತ್ರಕ್ಕೆ ನಾನು ಯಾರಿಗೆ ಓಟು ಹಾಕಬೇಕು, ಯಾರನ್ನು ದ್ವೇಷಿಸಬೇಕು ಅಂತ ಇಬ್ಬರೂ ತೀರ್ಮಾನ ಮಾಡಿಬಿಡುತ್ತಾರೆ, ಬೈಯುವವರೂ ಹೊಗಳುವವರೂ. ನನಗೆ ಓಟೇ ಇಲ್ಲ ಇಲ್ಲಿ, ಗ್ರೀನ್ ಕಾರ್ಡ್ ಅಷ್ಟೇ.

ನನ್ನ ಗಂಡನ ಬೇಸರ ಬೇರೆ ಥರದ್ದು. 2016ರಲ್ಲಿ ಮಿನ್ನೆಸೋಟಾದಲ್ಲಿ ಫಿಲಾಂಡೊ ಕ್ಯಾಸ್ಟೀಲ್ ಅನ್ನೋ ಕಪ್ಪು ಯುವಕನ ಕಾರನ್ನು ಪೊಲೀಸರು ನಿಲ್ಲಿಸಿದರು. ಆತನಿಗೆ ಲೈಸೆನ್ಸ್ ಇತ್ತು. ಸಾರ್, ನನ್ನ ಹತ್ತಿರ ಬಂದೂಕಿದೆ ಅಂತ ಆತನೇ ವಿನಯದಿಂದ ಹೇಳಿದ. ಕೆಲವೇ ಕ್ಷಣದಲ್ಲಿ ಪೊಲೀಸ್ ಗುಂಡು ಹಾರಿಸಿದ. ಹಿಂದಿನ ಸೀಟಿನಲ್ಲಿ ನಾಲ್ಕು ವರ್ಷದ ಮಗು ಕೂತಿತ್ತು. ಆ ಪೊಲೀಸ್ ಕೋರ್ಟಿನಲ್ಲಿ ಖುಲಾಸೆಯಾದ. "ಕತ್ತಲಲ್ಲಿ ನಿನ್ನ ಮುಖ ನೋಡಿ, ಇವಳು ತೀರ್ಥಹಳ್ಳಿಯವಳು, ಡೇಟಾಬೇಸ್ ಕೆಲಸ ಮಾಡ್ತಾಳೆ ಅಂತ ಗೊತ್ತಾಗುತ್ತಾ ಅವರಿಗೆ?" ಅಂತ ಇವರು ಕೇಳುತ್ತಾರೆ. ಗೊತ್ತಾಗುವುದಿಲ್ಲ. ಒಂದು ಸಲ ನನ್ನನ್ನೂ ನಿಲ್ಲಿಸಿದ್ದರು, ಸ್ಪೀಡಿಗೆ. ಪಿಸ್ತೂಲು ಮೈಮೇಲಿದ್ದಾಗ ಪೊಲೀಸ್ ಗುರುತು ಕೇಳಿದರೆ ಇಲ್ಲಿ ಡ್ರೈವಿಂಗ್ ಲೈಸೆನ್ಸ್ ಜೊತೆ ಪಿಸ್ತೂಲಿನ ಲೈಸೆನ್ಸ್ ಕಾರ್ಡನ್ನೂ ಕೊಡಬೇಕು. ಎರಡೂ ಕೊಟ್ಟು ಕೈ ಸ್ಟೀರಿಂಗ್ ಮೇಲಿಟ್ಟೆ. ಆತ ಕಾರ್ಡ್ ನೋಡಿ, "ಎಲ್ಲಿದೆ? ಸರಿ, ಅಲ್ಲೇ ಇರಲಿ" ಅಂದು ಎಚ್ಚರಿಕೆ ಕೊಟ್ಟು ಕಳಿಸಿದ. ಇಡೀ ಮೂರು ವರ್ಷದಲ್ಲಿ ನನ್ನ ಪಿಸ್ತೂಲಿನ ಸುದ್ದಿ ಕೇಳಿ ಮುಖಭಾವ ಬದಲಾಗದ ಒಬ್ಬನೇ ಮನುಷ್ಯ ಆತ. ಇದನ್ನು ಮನೆಯಲ್ಲಿ ತಮಾಷೆಯಾಗಿ ಹೇಳಿದೆ. ಇವರು ನಗಲಿಲ್ಲ.

ಬೇಡ ಅಂದ ಕಡೆ ಒಯ್ಯುವುದಿಲ್ಲ, ಇದೊಂದು ನಾನೇ ಹಾಕಿಕೊಂಡ ಕಟ್ಟು. ಅಂಗಡಿಯವರು ಬೇಡ ಅನ್ನೋಕೆ ಟೆಕ್ಸಾಸ್‌ನಲ್ಲಿ ಬೋರ್ಡಿನ ಅಳತೆಯೂ ಕಾನೂನಿನಲ್ಲಿದೆ. 30.06 ಅನ್ನೋ ಕಲಮಿನ ಮಾತು, ಇಂಗ್ಲಿಷಿನಲ್ಲೂ ಸ್ಪ್ಯಾನಿಷ್‌ನಲ್ಲೂ, ಅಕ್ಷರ ಒಂದು ಇಂಚಿಗೆ ಕಮ್ಮಿ ಇರಬಾರದು. ಬಂದೂಕಿನ ಚಿತ್ರದ ಮೇಲೆ ಅಡ್ಡ ಗೆರೆ ಎಳೆದ ಪುಟ್ಟ ಸ್ಟಿಕ್ಕರ್ ಅಂಟಿಸಿದರೆ ಲೈಸೆನ್ಸ್ ಇದ್ದವರಿಗೆ ಅದು ಲೆಕ್ಕಕ್ಕಿಲ್ಲ ಅಂತ ರೇಂಜಿನಲ್ಲಿ ಜನ ನಗುತ್ತಾ ಹೇಳುತ್ತಾರೆ. ನನಗೆ ಆ ಜಾಣತನ ಇಷ್ಟವಿಲ್ಲ. ಅಂಗಡಿಯವನು ಏನು ಹೇಳುತ್ತಿದ್ದಾನೆ ಅಂತ ಗೊತ್ತಾಯಿತಲ್ಲ, ಅಕ್ಷರ ಅಳೆಯೋಕೆ ನಾನು ಟೇಪು ಹಿಡಿದು ಬಂದಿಲ್ಲ. ದೇವಸ್ಥಾನದಲ್ಲಿ ಬೋರ್ಡ್ ಇದ್ದರೂ ಇಲ್ಲದಿದ್ದರೂ ಒಯ್ಯುವುದಿಲ್ಲ, ಚಪ್ಪಲಿ ಬಿಟ್ಟ ಹಾಗೆ. ಆಫೀಸಿನೊಳಗೆ ಬಿಡುವುದಿಲ್ಲ, ಕಾರಿನಲ್ಲಿ ಬೀಗ ಹಾಕಿ ಇಡುವುದನ್ನು ತಡೆಯುವಂತಿಲ್ಲ. ಆದರೆ ಇಲ್ಲಿ ಕಳುವಾಗುವ ಬಂದೂಕುಗಳಲ್ಲಿ ದೊಡ್ಡ ಪಾಲು ಹೋಗೋದು ಕಾರಿನಿಂದಲೇ. ಹಾಗಾಗಿ ಆಫೀಸಿನ ದಿನಗಳಲ್ಲಿ ಸುಮಾರಾಗಿ ಮನೆಯಲ್ಲೇ ಬಿಡುತ್ತೇನೆ. ಹೀಗೆ ಕಳೆಯುತ್ತಾ ಬಂದರೆ ಒಯ್ಯುವುದು ಯಾವಾಗ ಅಂತ ಇವರು ಕೇಳುತ್ತಾರೆ. ರಾತ್ರಿ ಒಬ್ಬಳೇ ಹೊರಗಿರುವಾಗ, ಊರಾಚೆ ಒಬ್ಬಳೇ ಗಾಡಿ ಓಡಿಸುವಾಗ. ವಾರಕ್ಕೆ ಎರಡು ದಿನ ಆದೀತು.

ನಾನೂ ಬೇರೆಯವರ ಬಗ್ಗೆ ಮೂಗು ಮುರಿಯುತ್ತೇನೆ, ಅದನ್ನೂ ಒಪ್ಪಿಕೊಂಡುಬಿಡುತ್ತೇನೆ. ಲೈಸೆನ್ಸ್ ಬೇಡ ಅಂತ ಆದಮೇಲೆ ಒಂದು ಗುಂಡನ್ನೂ ಹೊಡೆಯದೆ ಕೊಂಡು ಪ್ಯಾಂಟಿಗೆ ಸಿಕ್ಕಿಸಿಕೊಂಡವರನ್ನು ಕಂಡರೆ ನನಗೆ ಹೆದರಿಕೆ. ಕಾನೂನು ಅವರ ಕಡೆಗೂ ಇದೆ, ನನ್ನ ಕಡೆಗೆ ಇರುವಷ್ಟೇ. ಅವರನ್ನು ನೋಡಿದಾಗ ನನಗೆ ಏನು ಅನ್ನಿಸುತ್ತದೋ ಅದೇ ನನ್ನ ಗೆಳತಿಗೆ ನನ್ನನ್ನು ನೋಡಿದಾಗ ಅನ್ನಿಸಿತು.

ಒಂದು ಮಾತು ಮಾತ್ರ ಇನ್ನೂ ಚುಚ್ಚುತ್ತಾ ಇದೆ. ಹೇಳಿದವಳು ಆಫೀಸಿನ ಗೆಳತಿ, ತಮಿಳಿನವಳು, ಎಂದೂ ದನಿ ಏರಿಸುವವಳಲ್ಲ. ಊಟಕ್ಕೆ ಕೂತಾಗ ಕೇಳಿದಳು. "ಕಳ್ಳ ಬಂದರೆ ಅಂತ ಯೋಚನೆ ಮಾಡಿದೀಯ. ನಿನಗೇ ತೀರಾ ಬೇಜಾರಾದ ದಿನ ಬಂದರೆ?" ನಾನು ನಕ್ಕುಬಿಟ್ಟೆ. ಅವಳ ಮನೆಯಲ್ಲಿ ಒಬ್ಬರು ಹಾಗೆ ಹೋದದ್ದು ನನಗೆ ಆಮೇಲೆ ಗೊತ್ತಾಯಿತು, ಬಂದೂಕಿನಿಂದ ಅಲ್ಲ, ಆದರೆ ಹೋದದ್ದು ಹೋದದ್ದೇ. 2022ರಲ್ಲಿ ಈ ದೇಶದಲ್ಲಿ ಬಂದೂಕಿನಿಂದ ಸತ್ತವರು ಸುಮಾರು 48,000 ಜನ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ, ಸುಮಾರು 27,000, ತಾವೇ ಪ್ರಾಣ ತೆಗೆದುಕೊಂಡವರು. ನಾನು ಹೆದರಿದ್ದು ಹಿಂದೆ ಬಂದ ಕಾರಿಗೆ, ಲೆಕ್ಕ ಹೇಳೋದು ಬೇರೆಯದನ್ನು. ಅವತ್ತು ರಾತ್ರಿ ಇವರ ಜೊತೆ ಕೂತು ಒಂದು ಮಾತು ಮಾಡಿಕೊಂಡೆವು. ಇಬ್ಬರಲ್ಲಿ ಯಾರೇ ಕುಗ್ಗಿದರೂ, ಯಾಕೆ ಏನು ಅಂತ ಕೇಳದೆ ಇನ್ನೊಬ್ಬರು ಪೆಟ್ಟಿಗೆಯಿಂದ ಅವರ ಬೆರಳಚ್ಚು ಅಳಿಸಿಹಾಕುವುದು. ಹೋದ ವರ್ಷ ಚಳಿಗಾಲದಲ್ಲಿ ಆರು ವಾರ ನನ್ನ ಬೆರಳಿಗೆ ಪೆಟ್ಟಿಗೆ ತೆಗೆಯುತ್ತಿರಲಿಲ್ಲ. ಅದರ ಬಗ್ಗೆ ಇಷ್ಟು ಸಾಕು.

2025ರ ಸೆಪ್ಟೆಂಬರ್‌ನಲ್ಲಿ ಡಲ್ಲಾಸ್‌ನ ಒಂದು ಮೋಟೆಲ್‌ನಲ್ಲಿ ನಮ್ಮ ಕರ್ನಾಟಕದವರೇ ಒಬ್ಬರನ್ನು ಹೆಂಡತಿ ಮಗನ ಎದುರೇ ಕಡಿದು ಕೊಂದದ್ದು ನಿಮಗೆಲ್ಲ ಗೊತ್ತಿದೆ. ಅದನ್ನು ಮತ್ತೆ ಬಣ್ಣಿಸುವುದಿಲ್ಲ. ಆ ವಾರ ನನ್ನ ಫೋನಿಗೆ ಬಿಡುವಿರಲಿಲ್ಲ. ಯುಗಾದಿಯ ದಿನ ಪಕ್ಕ ಕೂರದವರೇ. ಯಾವುದು ಕೊಳ್ಳೋದು, ಎಷ್ಟಾಗುತ್ತೆ, ಕ್ಲಾಸಿಗೆ ಹೋಗಲೇಬೇಕಾ? ಫ್ರಿಸ್ಕೋದ ಗೆಳತಿಯೂ ಮಾಡಿದಳು. "ನೀನು ಹೇಳಿದ್ದೇ ಸರಿ ಇತ್ತು ಕಣೇ" ಅಂದಳು.

ಎರಡು ವರ್ಷ ಕಾದ ಮಾತು ಅದು. ಖುಷಿಯಾಗಬೇಕಿತ್ತು, ಆಗಲಿಲ್ಲ. ಅವಳು ಒಪ್ಪಿದ್ದು ನನ್ನನ್ನಲ್ಲ, ಅವಳ ಹೆದರಿಕೆ ನನ್ನ ಹಳೆಯ ಹೆದರಿಕೆಯ ಹತ್ತಿರ ಬಂತು ಅಷ್ಟೆ. ನಡುಗುವ ಕೈಯಲ್ಲಿ ಕೊಂಡವಳು ನಾನು, ಆ ಕೈಯಲ್ಲಿ ಕೊಳ್ಳಬೇಡ ಅಂತ ಹೇಳುವ ಯೋಗ್ಯತೆ ನನಗಿದೆಯಾ? ಆದರೂ ಹೇಳಿದೆ. ಮೂರು ತಿಂಗಳು ಬಿಟ್ಟು ಯೋಚನೆ ಮಾಡು, ನಿನ್ನ ದೊಡ್ಡ ಮಗನಿಗೆ ಹದಿನಾರು, ಎಲ್ಲಿಡ್ತೀಯ ಅಂತ ಮೊದಲು ಹೇಳು, ಕ್ಲಾಸಿಗೆ ನಾನೂ ಜೊತೆಗೆ ಬರ್ತೀನಿ. ಅವಳಿಗೆ ಸಿಟ್ಟು ಬಂತು. "ನೀನು ಮಾತ್ರ ಇಟ್ಕೋಬಹುದು, ನಾನು ಬೇಡ್ವಾ?" ಅಂದಳು. ಹೀಗೆ ಈ ಪಿಸ್ತೂಲಿನ ಸಲುವಾಗಿ ಒಬ್ಬಳ ಹತ್ತಿರವೇ ಎರಡು ಸಲ ಬೈಸಿಕೊಂಡೆ. ಮೂರು ತಿಂಗಳಾದ ಮೇಲೆ ಅವಳು ಆ ಮಾತು ಎತ್ತಲಿಲ್ಲ. ನಾನೂ ಕೇಳಲಿಲ್ಲ. ಈ ಯುಗಾದಿಗೆ ಅವಳ ಮನೆಗೆ ಹೋದಾಗ ಬಾಗಿಲಲ್ಲೇ ತಬ್ಬಿಕೊಂಡಳು, ಕೈ ಸೊಂಟದವರೆಗೆ ಬಂದು ಒಂದು ಕ್ಷಣ ನಿಂತಿತು. "ಕಾರಲ್ಲೂ ಇಲ್ಲ, ಮನೇಲಿದೆ" ಅಂದೆ. "ಕೇಳಿದ್ನಾ ನಾನು?" ಅಂತ ನಕ್ಕಳು.

ಮುಂದಿನ ತಿಂಗಳು ಅಮ್ಮ ಬರುತ್ತಿದ್ದಾರೆ, ಆರು ತಿಂಗಳಿಗೆ. ಅದು ಇರೋ ಕಾರಿನಲ್ಲಿ ಕೂರುವುದಿಲ್ಲ ಅಂತ ಈಗಲೇ ಹೇಳಿಯಾಗಿದೆ. ವಾದ ಮಾಡಲಿಲ್ಲ, ಅಮ್ಮ ಜೊತೆಗಿದ್ದಾಗ ಒಯ್ಯುವುದಿಲ್ಲ ಅಂದೆ. ನಿನ್ನೆ ಫೋನಿನಲ್ಲಿ ಉಪ್ಪಿನಕಾಯಿ ಎಷ್ಟು ತರಬೇಕು, ಅಪ್ಪೆಮಿಡಿಯೋ ಜೀರಿಗೆಮಿಡಿಯೋ ಅಂತ ಮಾತಾಡುತ್ತಾ ನಡುವೆ ಅಮ್ಮ, "ನಾನು ಬಂದ ದಿನವೇ ಅದನ್ನ ತೋರಿಸು. ತೋಟಾ ತೆಗೆಯೋದು ಹೇಗೆ ಅಂತ ನಾನೂ ಕಲೀಬೇಕು" ಅಂದರು.

"ಯಾಕಮ್ಮ?"

"ಮನೇಲಿದೆಯಲ್ಲ ಮಾರಾಯ್ತಿ" ಅಂದರು. ಆಮೇಲೆ ಅಪ್ಪೆಮಿಡಿಯೇ ತರ್ತೀನಿ ಅಂತ ಫೋನಿಟ್ಟರು.